ಎರಡು ಹಿಡಿ ಕೋಸು

ಪರೇಲಿನ ಹೋಟೆಲಿನಲ್ಲಿ ಹತ್ತು ವರ್ಷ ಬಡಿಸಿದ ದೂಜ, ೧೯೫೬ರಲ್ಲಿ ಅಲ್ಲಿಯ ಕಾಲೇಜೊಂದರ ಪ್ರಯೋಗಶಾಲೆಗೆ ಜವಾನನಾಗಿ ಸೇರಿದ. ಗಿನಿಪಿಗ್‌ಗಳನ್ನು ಸಾಕುವುದು ಅವನ ಕೆಲಸ, ಕೊಲ್ಲುವುದು ಧಾರವಾಡದ ಡಾಕ್ಟರ್ ಚನ್ನಬಸಯ್ಯನವರದು. ಕೊಲ್ಲುವ ಹಿಂದಿನ ದಿನದಿಂದ ಪ್ರಾಣಿಗೆ ಏನೂ ಹಾಕಬಾರದೆಂದು ಕಟ್ಟಪ್ಪಣೆ. ಹೋಟೆಲಿನವನಿಗೆ ಉಪವಾಸ ಕೆಡವುವ ಕೆಲಸ ಕೊಟ್ಟರೆ ಹೇಗೆ?

ಒಂದು ದಿನ, ಆಗಷ್ಟೇ ಕೊಂದ ಗಿನಿಪಿಗ್‌ನ ತುಣುಕು ನೋಡುತ್ತಿದ್ದ ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, "ದೂಜ, ಇದಕ್ಕ ತಿನ್ನಾಕ ಕೊಟ್ಟಿದ್ದೇನು?" ಎಂದರು.

"ಎರಡು ಹಿಡಿ ಕೋಸು ಹಾಕಿದೆ ಸಾರ್. ನಮ್ಮಲ್ಲಿ ಸಾಯುವವರ ಬಾಯಿಗೆ ಏನಾದರೂ ಹಾಕದೆ ಕಳಿಸುವುದಿಲ್ಲ."

ಡಾಕ್ಟರು ಬಯ್ಯಲಿಲ್ಲ. "ಮೇದೋಜೀರಕದ ಜೀವಕೋಶ ಐತಲ್ಲ, ಅದು ಅನ್ನ ಅರಗಿಸೋ ರಸ ಮಾಡಿ, ಕಾಳು ಕಾಳಾಗಿ ಕಟ್ಟಿ, ಅಂಚಿಗೆ ತಂದು ಇಟ್ಟಿರತೈತಿ. ಹೊಟ್ಟಿಗೆ ಏನರ ಬಿತ್ತಂದ್ರ ಹೊರಗ ಸುರೀತೈತಿ. ನನಗ ಆ ಕಾಳು ತುಂಬಿದ್ದು ನೋಡಬೇಕಿತ್ತು. ಇದು ಸತ್ತಿದ್ದು ದಂಡ ಆತು. ನಾಳೆ ಇನ್ನೊಂದು ಬೇಕು."

ದೂಜ ಬೋನಿನ ಬಳಿ ಹೋದ. ಅವನ ಹೆಜ್ಜೆಯ ಸಪ್ಪಳಕ್ಕೇ ಇನ್ನೊಂದು ಗಿನಿಪಿಗ್ ಕಂಬಿಗೆ ಮೂತಿ ಒತ್ತಿ, ಊಟ ಬಂತೆಂದು ಕೀಚುಗುಟ್ಟಿತು. ಹತ್ತು ವರ್ಷ ಬಡಿಸಿದ ಕೈಯನ್ನು ಒಳಗಿಟ್ಟು ಅವನು, ಅದು ಅರ್ಧ ತಿಂದಿದ್ದ ಎಲೆಯನ್ನು ಹೊರಗೆಳೆದುಕೊಂಡ.