ಹೆಣಕ್ಕೊಂದು ಸೂರು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಬಚ್ಚಲ ಒಲೆಗೆ ಹಸಿ ಸೌದೆ ತುಂಬಿ, ಹೊತ್ತಿಕೊಳ್ಳದೇ ಇದ್ದಾಗ ಡೀಸೆಲ್ ಸುರಿದಿದ್ದರು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ. ಕಿಟಕಿಯಿಂದ ಆ ಹೊಗೆ ಒಳಗೆ ಬಂದದ್ದೇ ತಡ, ಮಿಷನ್ ನಿಲ್ಲಿಸಿ ಎದ್ದುಬಿಟ್ಟೆ. ಊರಿಗೆಲ್ಲ ಅದು ಸ್ನಾನದ ನೀರು ಕಾಯುವ ವಾಸನೆ ಇರಬಹುದು. ನನಗದು ಅಜ್ಜಿಯನ್ನು ಸುಟ್ಟ ದಿನದ ವಾಸನೆ...

ನಾನಾಗ ಏಳನೇ ಕ್ಲಾಸು. ಜಾವಳಿಯಿಂದಾಚೆ ಒಂದು ದೊಡ್ಡ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನಮ್ಮದೊಂದು ಕೋಣೆ. ಆಷಾಢದ ಮಳೆ ಹಿಡಿದುಕೊಂಡಿದ್ದಾಗ ಅಜ್ಜಿ ತೀರಿಕೊಂಡಳು. ಅಪ್ಪ ಮಾಲೀಕರ ಬಂಗಲೆಯ ಮುಂದೆ ಹೋಗಿ ಕೈಕಟ್ಟಿ ನಿಂತ. ತೋಟದೊಳಗೆ ಸುಡಬಾರದು, ಶಾಖಕ್ಕೆ ಕಾಫಿ ಗಿಡ ಒಣಗುತ್ತದೆ ಎಂದು ಒಳಗಿನಿಂದ ಉತ್ತರ ಬಂತು. ಆ ಗಿಡಗಳಿಗೆ ಮಣ್ಣು ಕೊಟ್ಟು, ಕಪಾತು ಮಾಡಿ ರೆಂಬೆ ಸವರಿ, ಹಣ್ಣು ಕೊಯ್ದು ಬೆನ್ನು ಬಗ್ಗಿಸಿಕೊಂಡವಳು ನನ್ನಜ್ಜಿ. ಅವಳು ಬೂದಿಯಾಗುವಷ್ಟು ಜಾಗವೂ ಅಲ್ಲಿರಲಿಲ್ಲ. ಊರಿಗೊಂದು ಸ್ಮಶಾನ ಇತ್ತಂತೆ, ನಕ್ಷೆಯಲ್ಲಿ. ನೆಲದ ಮೇಲೆ ನೋಡಿದರೆ ಅಲ್ಲಿ ಯಾರದೋ ರೊಬಸ್ಟಾ ಕಾಫಿ ಆಳೆತ್ತರ ಬೆಳೆದು ನಿಂತಿತ್ತು.

ಕೊನೆಗೆ ಹಳ್ಳದ ದಡಕ್ಕೆ ಹೊತ್ತರು. ಸೌದೆ ಒದ್ದೆ, ನೆಲ ಒದ್ದೆ, ಬೆಂಕಿಪೊಟ್ಟಣವೂ ಒದ್ದೆ. ಡೀಸೆಲ್ ಸುರಿದರೆ ಭಗ್ಗೆನ್ನುವುದು, ಮರುಗಳಿಗೆ ಮಳೆ ಅದನ್ನು ಆರಿಸಿಬಿಡುವುದು. ಅಜ್ಜಿಯ ಸೀರೆ ಮಾತ್ರ ಸುಟ್ಟುಹೋಗಿತ್ತು. ಅವ್ವ ತನ್ನ ಕಂಬಳಿಯನ್ನು ಅವಳ ಮೇಲೆ ಹೊದಿಸಿ, ಅದರ ಮೇಲೆ ತಾನೇ ಕವಿದು ಬಿದ್ದಳು. ಅಪ್ಪ ಅಳಲಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ...

ಆಗ ರಸ್ತೆಯಲ್ಲಿ ಜೀಪು ನಿಂತಿತು. ಕೆಳಗಿನ ತೋಟದ ಗೌಡ್ರು ಮತ್ತು ಅವರ ಹೆಂಡತಿ. ನಾವು ಲೈನಿನವರು ಅವರನ್ನು ಅಮ್ಮಾರು ಎನ್ನುತ್ತಿದ್ದೆವು. ಗೌಡ್ರು ಇಳಿದು ನೋಡಿದರು, ಜೀಪು ತಿರುಗಿಸಿಕೊಂಡು ವಾಪಸು ಹೋದರು. ನೋಡಲು ಬಂದವರೆಲ್ಲ ಹಾಗೇ ಹೋಗಿದ್ದರು, ಇವರೂ ಅಷ್ಟೇ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಜೀಪು ಮರಳಿ ಬಂತು. ಹಿಂದೆ ಅವರ ಮನೆಯ ಒಣಗಿದ ಸೌದೆ. ಮೇಲೆ ದನದ ಕೊಟ್ಟಿಗೆಯಿಂದ ಆಗಷ್ಟೇ ಕಿತ್ತು ತಂದ ಜಿಂಕ್ ಶೀಟುಗಳು. ಗಂಡಸರು ನಾಲ್ಕೂ ಕಡೆ ನಿಂತು ಶೀಟುಗಳನ್ನು ಚಿತೆಯ ಮೇಲೆ ಎತ್ತಿ ಹಿಡಿದರು. ಗೌಡ್ರೂ ಒಂದು ಮೂಲೆ ಹಿಡಿದರು. ಶೀಟು ಕಾದು ಕೈ ಸುಟ್ಟಾಗ ಒದ್ದೆ ಗೋಣಿ ಸುತ್ತಿಕೊಂಡು ಮತ್ತೆ ಹಿಡಿದರು. ಅಜ್ಜಿ ಹಾಗೆ ಉರಿದಳು.

ಅಮ್ಮಾರು ಕಳಸದ ಕಡೆಯವರು. ಅವರ ಅವ್ವ ಸತ್ತಾಗ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತಂತೆ. ಸುಡುವ ಜಾಗ ಆಚೆ ದಡದಲ್ಲಿ. ನೀರು ಇಳಿಯುವ ತನಕ ಹೆಣವನ್ನು ಜಗಲಿಯಲ್ಲಿಟ್ಟುಕೊಂಡು ಮನೆಮಂದಿಯೆಲ್ಲ ಕಾದಿದ್ದರಂತೆ. ಗೌಡ್ರದ್ದು ಹತ್ತಿರದ್ದೇ ಹೆಸರುವಾಸಿ ಮನೆತನ. ಆದರೆ ಪಾಲಾಗುವಾಗ ಅಣ್ಣನಿಗೆ ಗದ್ದೆ, ಒಳ್ಳೆಯ ತೋಟ ಹೋಗಿ, ತಮ್ಮನಾದ ಇವರಿಗೆ ಬಂದದ್ದು ಕೆಳಗಿನ ಇಳಿಜಾರು ಮತ್ತು ಏನೂ ಬೆಳೆಯದ ಒಂದು ಬ್ಯಾಣ, ಬರೀ ಹುಲ್ಲಿನ ಬೋಳುಗುಡ್ಡೆ. ಗಂಡ ಹೆಂಡತಿ ಇಬ್ಬರೂ ಗುದ್ದಲಿ ಹಿಡಿದು ಆ ಇಳಿಜಾರಿನಲ್ಲಿ ಕಾಫಿ, ಮೆಣಸು ಎಬ್ಬಿಸಿದರು. ಮಕ್ಕಳಾಗಲಿಲ್ಲ. ಲೈನಿಗೆ ಬೆಟ್ಟದ ಝರಿಯಿಂದ ಪೈಪು ಎಳೆಸಿದ್ದು ಅವರೇ. ಹೆರಿಗೆ ನೋವೆಂದರೆ ಜೀಪು ತೆಗೆಯುತ್ತಿದ್ದದ್ದೂ ಅವರೇ. ಅಮ್ಮಾರು ನಮ್ಮ ಹೆಂಗಸರನ್ನು ಕೂರಿಸಿಕೊಂಡು ಸಂಘ ಕಟ್ಟಿದರು. ನನಗೆ ಹೊಲಿಗೆ ಕಲಿಸಿದ್ದು ಆ ಸಂಘ.

ಅಜ್ಜಿಯ ತಿಥಿ ಮುಗಿದ ಮೇಲೆ ಅಮ್ಮಾರು ಲೈನಿಗೆ ಬಂದು ಅಪ್ಪನನ್ನು ಕರೆದರು.

"ನೋಡು ಮಾರಾಯ, ನಮ್ಮ ಬ್ಯಾಣ ಸುಮ್ನೆ ಬಿದ್ದದೆ. ಅಲ್ಲೊಂದು ಶೀಟಿನ ಮಾಡು ಕಟ್ಟನ. ಇನ್ಮೇಲೆ ಯಾರೂ ಹೆಣ ಇಟ್ಕಂಡು ಮಳೆ ಬಿಡೋದನ್ನ ಕಾಯ್ಬಾರ್ದು."

ಅಪ್ಪ ಮತ್ತು ಲೈನಿನ ಗಂಡಸರು ಸೇರಿ ಕಲ್ಲಿನ ಕಂಬ ನಿಲ್ಲಿಸಿದರು, ಮೇಲೆ ಶೀಟು ಹೊದಿಸಿದರು. ಅದು ಮುಗಿಯುವ ಮುಂಚೆಯೇ ಗೌಡ್ರ ಅಣ್ಣ ಬಂದರು. ಅಂಗಳದಲ್ಲೇ ನಿಂತು ಕೂಗಾಡಿದ್ದು ನಮಗೆಲ್ಲ ಕೇಳಿಸಿತು.

"ಅಪ್ಪ ಕೊಟ್ಟ ನೆಲದಾಗೆ ಕಂಡೋರ ಹೆಣ ಸುಡ್ತೀಯೇನೋ? ಮನೆತನದ ಮರ್ಯಾದೆ ಏನಾಗ್ಬೇಕು?"

ಗೌಡ್ರು ತಲೆ ಎತ್ತಲಿಲ್ಲ. ಅಮ್ಮಾರೇ ಹೊರಗೆ ಬಂದರು. "ಬಾವ, ಸತ್ತೋರಿಗೆ ಜಾಗ ಕೊಟ್ರೆ ಹೋಗೋ ಮರ್ಯಾದೆ ಆದ್ರೆ ಅದು ಹೋಗ್ಲಿ ಬಿಡಿ. ಕಾಫಿ ಕುಡೀತೀರಾ?"

ಅವರು ಕುಡಿಯಲಿಲ್ಲ. ಅವತ್ತಿನಿಂದ ಆ ಮನೆತನದ ಯಾರೂ ಇವರ ಹೊಸ್ತಿಲು ತುಳಿಯಲಿಲ್ಲ. ಮದುವೆಗೆ ಕರೆಯಲಿಲ್ಲ, ಗೃಹಪ್ರವೇಶಕ್ಕೆ ಕರೆಯಲಿಲ್ಲ. ಅಮ್ಮಾರ ಜೊತೆ ದೇವರಮನೆ ಬೆಟ್ಟದ ಗುಡಿಗೆ ಹರಕೆ ಒಪ್ಪಿಸಲು ಹೋದಾಗ ಎದುರಾದ ಓರಗಿತ್ತಿ ಮುಖ ತಿರುಗಿಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಅಮ್ಮಾರು ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು... ಆಗ ಅವರ ಕಣ್ಣಲ್ಲಿ ನೀರಿತ್ತೋ ಇಲ್ಲವೋ, ಈಗ ಸರಿಯಾಗಿ ಹೇಳಲಾರೆ.

ನನಗೆ ಮದುವೆಯಾದ ಮಾರನೇ ವರ್ಷ ಗೌಡ್ರು ಎದೆನೋವು ಬಂದು ಹೋಗಿಬಿಟ್ಟರು. ಅಷ್ಟು ವರ್ಷ ಬಾರದವರೆಲ್ಲ ಹೂವಿನ ಹಾರ ಹಿಡಿದುಕೊಂಡು ಬಂದರು, ಚಟ್ಟ ಕಟ್ಟಲು ನಿಂತರು. ಮನೆತನದ ಜಾಗಕ್ಕೆ ಒಯ್ಯುವುದೆಂದು ತಾವೇ ತೀರ್ಮಾನಿಸಿಯೂ ಬಿಟ್ಟಿದ್ದರು.

"ಅವ್ರು ಹೇಳಿರೋದು ಬ್ಯಾಣದಾಗೆ," ಎಂದರು ಅಮ್ಮಾರು.

"ಆ ಜನಾನ ಸುಟ್ಟ ಜಾಗದಾಗಾ? ಹಂಗಾದ್ರೆ ನಮ್ ಹೆಗಲು ಸಿಗಲ್ಲ ನಿಂಗೆ," ಎಂದರು ಬಾವ.

"ಬ್ಯಾಡ ಬಿಡಿ."

ಅವರು ಎದ್ದು ಹೋದರು. ಒಬ್ಬರೂ ನಿಲ್ಲಲಿಲ್ಲ. ಅಂಗಳದ ಆಚೆ, ಬೇಲಿಯ ಹೊರಗೆ ನಿಂತಿದ್ದ ಲೈನಿನವರ ಕಡೆಗೆ ಅಮ್ಮಾರು ತಿರುಗಿದರು. "ಯಾಕ್ ಅಲ್ಲಿ ನಿಂತಿದೀರಿ? ಒಳಗೆ ಬನ್ನಿ. ಅವ್ರನ್ನ ಎತ್ತಿ." ನನ್ನಪ್ಪ ಮೊದಲು ಹೆಗಲು ಕೊಟ್ಟ. ಬೆಂಕಿ ಕೊಟ್ಟದ್ದು ಅಮ್ಮಾರು. ಹೆಂಗಸು ಕೊಳ್ಳಿ ಇಡಬಾರದು ಎಂದು ಹೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಆಮೇಲೆ ಅವರಿಗೆ ಒಂದೇ ಹಟ. ಬ್ಯಾಣವನ್ನು ಊರಿನ ಹೆಸರಿಗೆ ಬರೆಸಬೇಕು. ಮೂಡಿಗೆರೆಗೆ ಬಂದಾಗಲೆಲ್ಲ ಚಪ್ಪಲಿಯ ಕೆಸರು ತೊಳೆದುಕೊಂಡು ನನ್ನ ಅಂಗಡಿಯಲ್ಲಿ ಒಂದು ಗಳಿಗೆ ಕೂತು ತಾಲೂಕು ಕಚೇರಿಗೆ ಹೋಗುತ್ತಿದ್ದರು. ಸರ್ವೆಯವರಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮುಂದಿನ ವಾರ ಬನ್ನಿ. ಅದೇ ಕಚೇರಿ ಯಾರ್ಯಾರದೋ ಒತ್ತುವರಿಯನ್ನು ಎಷ್ಟು ಸಲೀಸಾಗಿ ಸಕ್ರಮ ಮಾಡಿತು ಎಂದು ನಾನು ಕಂಡಿದ್ದೇನೆ. ಕಬಳಿಸಿದವನಿಗೆ ತೆರೆಯುವ ಬಾಗಿಲು ಕೊಡಲು ಬಂದ ಮುದುಕಿಗೆ ತೆರೆಯಲಿಲ್ಲ. ನಾನು ಬೈದರೆ ಅಮ್ಮಾರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. "ಆಗ್ತದೆ ಕಣೇ. ನಾನೇನ್ ಇವತ್ತೇ ಸಾಯ್ತೀನಾ?"

ಹೋದ ವರ್ಷ ಸತ್ತರು. ಕೆಲಸ ಆಗಿರಲಿಲ್ಲ.

ಸುದ್ದಿ ತಿಳಿದು ನಾನು ಜೀಪು ಹಿಡಿದು ಹೋಗುವಷ್ಟರಲ್ಲಿ ಬಾವನ ಮಕ್ಕಳು ಬಂದಾಗಿತ್ತು. ಬ್ಯಾಣಕ್ಕೆ ಒಯ್ಯಬೇಕೆಂದು ಅಪ್ಪ ಕೈಮುಗಿದು ಕೇಳಿದ. "ನಮ್ ಚಿಕ್ಕಮ್ಮನ್ನ ಎಲ್ಲಿಗೆ ಒಯ್ಬೇಕು ಅಂತ ನೀ ಹೇಳ್ತೀಯೇನೋ?" ಎಂದ ದೊಡ್ಡವನು. ಅವನಿಗಿಂತ ಮೂವತ್ತು ವರ್ಷ ಹಿರಿಯನನ್ನು ಏಕವಚನದಲ್ಲಿ. ಬದುಕಿದ್ದಾಗ ಒಂದು ದಿನವೂ ಚಿಕ್ಕಮ್ಮ ಎನ್ನದವನು ಅವತ್ತು ಅವರನ್ನು ಹೂವಿನಲ್ಲಿ ಮುಚ್ಚಿ, ವ್ಯಾನಿಗೆ ಹಾಕಿಕೊಂಡು, ಯಾರು ಅವರ ಮುಖ ನೋಡಲಿಲ್ಲವೋ ಅವರ ಜಾಗದಲ್ಲಿ ಸುಟ್ಟ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ.

ತಿಂಗಳು ಕಳೆಯುವುದರೊಳಗೆ ಶೀಟು ಇಳಿಯಿತು, ಕಂಬ ಉರುಳಿತು. ಈಗ ಬ್ಯಾಣದ ಸುತ್ತ ಬೇಲಿ, ಗೇಟು, ಗೇಟಿಗೆ ಬೀಗ. ಅಲ್ಲಿ ಹೋಮ್‌ಸ್ಟೇ ಏಳುತ್ತಿದೆ, ಮಂಜು ನೋಡಲು ಬರುವವರಿಗೆ. ರಸ್ತೆಯ ತಿರುವಿನಲ್ಲಿ ಮಾತ್ರ ಒಂದು ಬಸ್ ತಂಗುದಾಣ ಕಟ್ಟಿಸಿದ್ದಾರೆ. ಗೌಡ್ರು, ಅಮ್ಮಾರು ಇಬ್ಬರ ಫೋಟೋ ಹಾಕಿ, 'ಸಮಾಜಸೇವೆಗೆ ಹೆಸರಾದ ನಮ್ಮ ಮನೆತನದ ಹಿರಿಯರ ನೆನಪಿಗೆ' ಎಂದು ಬರೆಸಿದ್ದಾರೆ. ಉದ್ಘಾಟನೆಗೆ ನಮಗೂ ಹೇಳಿಕಳಿಸಿದ್ದರು. ಲೈನಿನಿಂದ ಒಂದು ನರಪಿಳ್ಳೆಯೂ ಹೋಗಲಿಲ್ಲ.

ನೆನಪು ಮಾಡಿಕೊಂಡರೆ ದುಃಖವಾಗಬೇಕಿತ್ತು. ನನಗೆ ದುಃಖಕ್ಕೆ ಪುರುಸೊತ್ತೇ ಸಿಕ್ಕಿಲ್ಲ, ಸಿಟ್ಟೇ ಇನ್ನೂ ಮುಗಿದಿಲ್ಲ.

ಈ ಮಳೆಗಾಲ ಅಪ್ಪನಿಗೆ ಉಬ್ಬಸ ಹೆಚ್ಚಾಗಿದೆ. ಭಾನುವಾರ ಹೋಗಿದ್ದೆ. ಗಂಜಿ ಕುಡಿಸುತ್ತಿದ್ದಾಗ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಬಾಗಿಲಾಚೆಯ ಮಳೆಯನ್ನೇ ನೋಡುತ್ತಿದ್ದ.

"ನಾ ಹೋದ್ರೆ ನನ್ನ ಎಲ್ಲಿಗೆ ಒಯ್ತೀಯವ್ವಾ?"

ನಾನು ಗಂಜಿಯ ಬಟ್ಟಲನ್ನು ಕುಕ್ಕಿ ಕೆಳಗಿಟ್ಟೆ. ಅವನೇ ನನ್ನ ಕೈ ತಟ್ಟಿದ.

"ಸಿಟ್ ಮಾಡ್ಕಬ್ಯಾಡ. ಸುಮ್ನೆ ಕೇಳ್ದೆ."