ನಸೀಬಾಳ ಪೆಟ್ಟಿಗೆ, ಪೂವಮ್ಮನ ಗುಡುಗು

ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಉತ್ತರ ಗೊತ್ತಿಲ್ಲದ ಮಕ್ಕಳ ಮೇಲೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ. ಉತ್ತರ ಹೇಳಿದ ಮೇಲೂ ಬಿಡದ ಮಕ್ಕಳನ್ನು ಕಂಡರೆ ಮಾತ್ರ ತಲೆ ಬಿಸಿಯಾಗುತ್ತಿತ್ತು. ಆ ಪೈಕಿ ಮೊದಲನೆಯವಳು ಪಾಣೆಮಂಗಳೂರಿನ ನಸೀಬಾ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಎದ್ದು ನಿಂತು ಕೇಳಿದಳು:

"ಟೀಚರ್, ಬೆಲ್ ಹೊಡೆದ ಮೇಲೆ ಶಾಲೆ ಸುರು ಆಗ್ತದೆ. ಬೆಲ್ಲಿಗಿಂತ ಮೊದಲು ಶಾಲೆಯನ್ನು ಸುರು ಮಾಡುವುದು ಯಾರು?"

"ಅಟೆಂಡರ್ ಡೊಂಬಯ್ಯ," ಎಂದೆ.

"ಡೊಂಬಯ್ಯಣ್ಣನಿಗೆ ಸುರು ಮಾಡ್ಲಿಕ್ಕೆ ಯಾರು ಹೇಳ್ತಾರೆ?"

"ಕೂತುಕೊ," ಎಂದೆ.

ಕೂತಳು. ಆದರೆ ಮರುದಿನ ಸರಿಯಾಗಿ ಬೆಳಕು ಹರಿಯುವ ಮೊದಲೇ ಶಾಲೆಯ ಗೇಟಿನ ಎದುರು ಹಾಜರ್. ಇತ್ತ ಅವಳ ತಾಯಿ ಸಬೀಹಾ ತಲೆಗೆ ವೇಲ್ ಸುತ್ತಿಕೊಂಡು ಹೊಳೆಬದಿಯವರೆಗೂ ಹುಡುಕಾಡಿ, ಅಳುತ್ತಾ ಶಾಲೆಗೆ ಬಂದರೆ, ಈ ಮಹಾತಾಯಿ ಡೊಂಬಯ್ಯನ ಹಿಂದೆ ಹಿಂದೆ ತಿರುಗುತ್ತಿದ್ದಳು. ಗೇಟು, ಆಫೀಸಿನ ಬಾಗಿಲು, ಕ್ಲಾಸಿನ ಕಿಟಕಿ, ನೀರಿನ ಡ್ರಮ್ಮು. ಡೊಂಬಯ್ಯನಿಗೆ ಇದನ್ನೆಲ್ಲ ಯಾರೂ ಹೇಳಿಕೊಡುತ್ತಿರಲಿಲ್ಲ, ಅವನ ಪಾಡಿಗೆ ಅವನು ಮಾಡುತ್ತಿದ್ದ. ಸಂಜೆಯೂ ಮನೆಗೆ ಹೋಗದೆ ನಿಂತು ನೋಡಿ, ಮರುದಿನ ನನ್ನ ಮೇಜಿನ ಹತ್ತಿರ ಓಡಿ ಬಂದಳು. "ಬೆಳಿಗ್ಗೆ ಮೊದಲು ತೆಗೆದದ್ದನ್ನು ಸಂಜೆ ಕೊನೆಗೆ ಹಾಕ್ತಾರೆ ಟೀಚರ್! ಗೇಟು ಬೆಳಿಗ್ಗೆ ಮೊದಲು, ಸಂಜೆ ಕೊನೆಗೆ!" ಅವಳ ಮುಖದಲ್ಲಿದ್ದ ಸಂತೋಷ ನೋಡಿದರೆ ಲೋಕದಲ್ಲಿ ಇದನ್ನು ಕಂಡುಹಿಡಿದವಳು ಅವಳೇ. ಆಗಲೂ ನಾನು ಹೇಳಿದ್ದು "ಕೂತುಕೊ" ಎಂದೇ.

ಆಮೇಲೆ ಅವಳು ಮೂಡುಬಿದಿರೆಯಲ್ಲಿ ಎಂಜಿನಿಯರಿಂಗ್ ಓದಿದಳು. ಮದುವೆಯಾಯಿತು. ಗಂಡ ಉನೈಸ್‌ಗೆ ಪಾಣೆಮಂಗಳೂರು ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇವಳ ಕೆಲಸ: ಪಂಪು, ಡ್ರೈಯರು, ಮಿಲ್ಲಿನ ಯಂತ್ರಗಳನ್ನು ತಾನಾಗಿ ನಡೆಸುವ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಮಾಡಿ, ಅವುಗಳೊಳಗಿನ ಪ್ರೋಗ್ರಾಮ್ ಬರೆಯುವುದು. ರಿಟೈರ್ ಆದ ಮೇಲೆ ನನಗೆ ಊರ ಕೋಳಿಯ ಹುಚ್ಚು ಹಿಡಿಯಿತು. ಪೊಳಲಿ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್ ಇಡುವುದೆಂದು ತೀರ್ಮಾನಿಸಿ ನಸೀಬಾಳನ್ನೇ ಕರೆದೆ.

ಪೆಟ್ಟಿಗೆ ಕೂರಿಸಿದ ದಿನ ಪ್ರಶ್ನೆ ಕೇಳುವ ಸರದಿ ನನ್ನದಾಗಿತ್ತು. ಸ್ವಿಚ್ಚು ಹಾಕಿದ ಕೂಡಲೇ ಫ್ಯಾನು ತಿರುಗಿತು, ಬಿಸಿ ಏರಿತು.

"ಇದಕ್ಕೆ ಸುರು ಮಾಡು ಅಂತ ಹೇಳಿದ್ದು ಯಾರು?" ಎಂದೆ.

ಅವಳು ನಕ್ಕಳು. "ಇಷ್ಟು ವರ್ಷ ಆದ ಮೇಲೆ ನೀವೂ ಕೇಳಿದ್ರಲ್ಲ ಟೀಚರ್! ಪ್ರೋಗ್ರಾಮಿನಲ್ಲಿ ಮೈನ್ ಅಂತ ಒಂದು ಭಾಗ ಉಂಟು. ಎಲ್ಲ ಅಲ್ಲಿಂದಲೇ ಸುರು ಅಂತ ಪುಸ್ತಕದಲ್ಲಿ ಬರೀತಾರೆ. ಕತೆಯ ಅಜ್ಜಿ ತನ್ನ ಕೋಳಿ ಕೂಗಿದ ಮೇಲೆಯೇ ಬೆಳಗಾಗುವುದು ಅಂತ ಎಣಿಸಿದ ಹಾಗೆ. ಮೈನ್ ಕಣ್ಣು ಬಿಡುವ ಮೊದಲೇ ಒಳಗೆ ಎಷ್ಟೋ ಕೆಲಸ ಆಗಿರ್ತದೆ. ನಮ್ಮದೇ ಕೆಲಸವೊಂದಕ್ಕೆ 'ನೀನು ಮೈನ್‌ಗಿಂತ ಮೊದಲು ನಡಿ' ಅಂತ ಗುರುತು ಹಾಕಿ ಇಡಬಹುದು. ಯಾರೂ ಕರೆಯುವುದು ಬೇಡ, ತನ್ನಷ್ಟಕ್ಕೆ ನಡೀತದೆ. ಹಾಗೆಯೇ 'ಎಲ್ಲ ಮುಗಿದು ಹೊರಡುವಾಗ ನೀನು ನಡಿ' ಅಂತಲೂ ಇಡಬಹುದು. ಹೊರಡುವಾಗ ಕ್ರಮ ಉಲ್ಟಾ. ಮೊದಲು ಬಂದವ ಕೊನೆಗೆ ಹೊರಡುವುದು."

"ಡೊಂಬಯ್ಯ!"

"ಡೊಂಬಯ್ಯಣ್ಣನೇ!"

ಈ ಪೆಟ್ಟಿಗೆಯಲ್ಲಿ ಅವಳ ಡೊಂಬಯ್ಯನಿಗೆ ಎರಡು ಕೆಲಸ. ಹೊರಡುವಾಗ, ಮೊಟ್ಟೆ ಇಟ್ಟು ಎಷ್ಟು ದಿನವಾಯಿತು ಎಂದು ಒಂದು ಸಣ್ಣ ಮೆಮೊರಿಯಲ್ಲಿ ಬರೆದಿಡುವುದು. ಸುರುವಾಗುವಾಗ ಅದನ್ನು ಓದಿ ಪೆಟ್ಟಿಗೆಗೆ ತಿಳಿಸುವುದು. ಕೋಳಿ ಮೊಟ್ಟೆಗೆ ಇಪ್ಪತ್ತೊಂದು ದಿನ ಕಾವು. ಅದರಲ್ಲಿ ಹದಿನೆಂಟು ದಿನ ತಟ್ಟೆ ಆಗಾಗ ಮಗುಚುತ್ತಿರಬೇಕು, ಕೊನೆಯ ಮೂರು ದಿನ ಅಲುಗಾಡಲೇಬಾರದು. ಆಗ ಮರಿ ಒಳಗೆ ತಿರುಗಿ, ಕೊಕ್ಕನ್ನು ಹೊರಬರುವ ದಿಕ್ಕಿಗೆ ಹಿಡಿಯುತ್ತದೆ. ಆ ಹೊತ್ತಿಗೆ ತಟ್ಟೆ ಮಗುಚಿದರೆ ಮರಿ ದಾರಿ ತಪ್ಪಿ ಚಿಪ್ಪಿನೊಳಗೇ ಸಾಯುತ್ತದೆ.

"ಕರೆಂಟ್ ಹೋದ್ರೆ? ನಮ್ಮಲ್ಲಿ ಅದು ಇರುವುದಕ್ಕಿಂತ ಹೋಗುವುದೇ ಹೆಚ್ಚು," ಎಂದೆ.

"ಬದಿಯಲ್ಲಿ ಬ್ಯಾಟರಿ ಇಟ್ಟಿದ್ದೇನೆ. ಕರೆಂಟ್ ಹೋದದ್ದು ಗೊತ್ತಾದ ಕೂಡಲೇ ಪ್ರೋಗ್ರಾಮ್ ಬ್ಯಾಟರಿಯಲ್ಲೇ ಬರೆದಿಟ್ಟು, ಮತ್ತೆ ಮಲಗ್ತದೆ. ನೀವು ಎಂತದ್ದೂ ನೋಡುವುದು ಬೇಡ."

ಜನವರಿಯಲ್ಲಿ ಇಟ್ಟ ಮೊಟ್ಟೆಗಳು ಚೆಂದಕ್ಕೆ ಮರಿಯಾದವು. ನಾನು ಊರಿಡೀ ಡಂಗುರ ಸಾರಿದೆ. ಏಪ್ರಿಲಿನಲ್ಲಿ ಇಟ್ಟವು ಪೂರ್ತಿ ಕೆಟ್ಟವು. ಒಡೆದು ನೋಡಿದರೆ ಒಳಗೆ ಪುಕ್ಕ ಬಂದ ಮರಿಗಳು, ತಲೆ ತಪ್ಪು ಬದಿಗೆ. ಅಯ್ಯೋ, ನೋಡಲಾಗಲಿಲ್ಲ. ನಸೀಬಾಳಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಬಂದು ಬಿಸಿ ನೋಡಿದಳು, ತೇವ ನೋಡಿದಳು, ವೋಲ್ಟೇಜ್ ನೋಡಿದಳು. "ಯಾರಾದ್ರೂ ಪೆಟ್ಟಿಗೆ ಮುಟ್ಟಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆವು. ಪ್ರೋಗ್ರಾಮ್ ಇರುವ ಪೆಟ್ಟಿಗೆಯ ಮಂಡೆಯನ್ನು ಬಿಚ್ಚಿ ಅಂಗಡಿಗೆ ಒಯ್ದು ನೂರು ಸಲ ನಿಲ್ಲಿಸಿ, ನೂರು ಸಲ ಸುರು ಮಾಡಿದಳಂತೆ. ಒಂದು ಸಲವೂ ದಿನ ತಪ್ಪಲಿಲ್ಲ. ಏನೂ ಸಿಗದೆ ತಂದು ಕೂರಿಸಿದಳು, ಆದರೆ ಅವಳ ಮುಖ ಸಪ್ಪಗಿತ್ತು.

ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ನಮ್ಮ ಮನೆಯಲ್ಲಿ ನನ್ನ ಗಂಡನ ಅಕ್ಕ ಪೂವಮ್ಮ ಇದ್ದಾರೆ, ನನ್ನ ಅತ್ತಿಗೆ. ಅವರ ಹತ್ತಿರ ಬೋಳು ಕೊರಳಿನ ಕೋಳಿಗಳ ಒಂದು ಸಂತಾನ ಇತ್ತು. ಅವರು ಮದುವೆಯಾಗಿ ಹೋಗುವಾಗ ತಾಯಿ ಕೈಯಲ್ಲಿ ಕೊಟ್ಟು ಕಳಿಸಿದ ಹೇಂಟೆಯ ಸಂತಾನ ಅದು. ಗಂಡ ತೀರಿಕೊಂಡು ತವರಿಗೆ ಹಿಂದೆ ಬರುವಾಗ ಅತ್ತಿಗೆ ಬೇರೇನನ್ನೂ ತರಲಿಲ್ಲ, ಬುಟ್ಟಿಯಲ್ಲಿ ಕೋಳಿ ತಂದರು. ಮೇ ತಿಂಗಳಿನಲ್ಲಿ ಕಾಡುಬೆಕ್ಕು ಗೂಡಿಗೆ ನುಗ್ಗಿ ಎಲ್ಲವನ್ನೂ ಮುಗಿಸಿತು. ಉಳಿದದ್ದು ಅಕ್ಕಿ ಡಬ್ಬದಲ್ಲಿ ಕಾವಿಗೆಂದು ಕೂಡಿಟ್ಟ ಹತ್ತೋ ಹನ್ನೊಂದೋ ಮೊಟ್ಟೆ. ಕಾವಿಗೆ ಕೂರುವ ಹೇಂಟೆ ಸುತ್ತಮುತ್ತ ಯಾರ ಮನೆಯಲ್ಲೂ ಸಿಗಲಿಲ್ಲ.

"ನಿನ್ನ ಆ ಪೆಟ್ಟಿಗೆಯಲ್ಲೇ ಇಡು, ಬೇರೆ ಗತಿ ಎಂತ ಉಂಟು?" ಎಂದರು ಅತ್ತಿಗೆ. ಮರಿಗಳು ಚಿಪ್ಪಿನೊಳಗೆ ಸತ್ತದ್ದನ್ನು ಕಣ್ಣಾರೆ ಕಂಡವರು. ಆದರೂ ಮೊಟ್ಟೆಗಳನ್ನು ಒಂದೊಂದಾಗಿ ತಂದು ನನ್ನ ಕೈಗೆ ಕೊಟ್ಟರು.

ಸುದ್ದಿ ಕೇಳಿ ನಸೀಬಾ ಹೆದರಿಬಿಟ್ಟಳು. "ಟೀಚರ್, ತಪ್ಪು ಎಲ್ಲಿ ಅಂತ ನನಗೇ ಗೊತ್ತಿಲ್ಲ. ಇಡಬೇಡಿ," ಎಂದಳು. ಇಟ್ಟಾಗಿತ್ತು. ಆಮೇಲೆ ಎರಡು ದಿನಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ಪೆಟ್ಟಿಗೆಯೆದುರು ಮಣೆ ಹಾಕಿ ಕೂರತೊಡಗಿದಳು. ಜನವರಿಯಲ್ಲಿ ಸರಿಯಿದ್ದದ್ದು ಏಪ್ರಿಲಿನಲ್ಲಿ ಯಾಕೆ ಕೆಟ್ಟಿತು? ಒಂದೇ ಪೆಟ್ಟಿಗೆ, ಒಂದೇ ಪ್ರೋಗ್ರಾಮ್, ಒಂದೇ ಮನೆ. ಅವಳ ಜತೆ ನನಗೂ ಹುಚ್ಚು ಹಿಡಿಯಿತು. ಗ್ಯಾಸಿನ ಮೇಲೆ ಸಾರು ಕುದಿಯುತ್ತಿದ್ದರೂ ನನ್ನ ತಲೆಯಲ್ಲಿ ಅದೇ ಪ್ರಶ್ನೆ.

ಒಂದು ಮಧ್ಯಾಹ್ನ ಹಾಗೆಯೇ ಕೂತಿದ್ದೆವು. ಅತ್ತಿಗೆ ಬಾಗಿಲ ಬಳಿ ವೀಳ್ಯ ಹಾಕುತ್ತಿದ್ದರು. ಪಡುವಣದಲ್ಲಿ ಕಪ್ಪಾಯಿತು. ದೂರದಲ್ಲೊಂದು ಗುಡುಗು. ನಾನು ಮಾತು ನಿಲ್ಲಿಸದೆಯೇ ಎದ್ದು ಟಿವಿಯ ಕೇಬಲ್ ಕಿತ್ತೆ. ನಸೀಬಾ ಮಾತು ನಿಲ್ಲಿಸದೆಯೇ ಗೋಡೆಯಿಂದ ತನ್ನ ಫೋನಿನ ಚಾರ್ಜರ್ ಎಳೆದಳು. ಅತ್ತಿಗೆ ಎದ್ದು ಬಂದು ದಾರಿಯಲ್ಲೇ ಇದ್ದ ಬ್ಯಾಟರಿಯ ಪಿನ್ನು ಕಿತ್ತು, ಮುಂದೆ ಹೋಗಿ ಮೀಟರ್ ಬೋರ್ಡಿನ ದೊಡ್ಡ ಸ್ವಿಚ್ಚು ಇಳಿಸಿ, ಪೆಟ್ಟಿಗೆಯ ಮೇಲೆ ಗೋಣಿ ಹೊದಿಸಿ, ಪುನಃ ವೀಳ್ಯಕ್ಕೆ ಕೂತರು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗುಡುಗಿದರೆ ಕೈ ಅದರಷ್ಟಕ್ಕೆ ಹೋಗುತ್ತದೆ.

ನಸೀಬಾಳ ಮಾತು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಚಾರ್ಜರನ್ನು ನೋಡಿದಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಬ್ಯಾಟರಿಯ ಪಿನ್ನನ್ನು ನೋಡಿದಳು.

"ಅಜ್ಜಿ, ನೀವು ಯಾವಾಗಲೂ ಇದನ್ನೂ ತೆಗೀತೀರಾ?"

"ಮತ್ತೆ? ವಯರ್ ಇದ್ದಲ್ಲಿಗೆ ಸಿಡಿಲು ಬರ್ತದೆ ಮಗಾ."

"ಯಾರಾದ್ರೂ ಮುಟ್ಟಿದ್ರಾ ಅಂತ ಕೇಳಿದಾಗ ಇಲ್ಲ ಅಂದ್ರಲ್ಲ!"

"ನಾನೆಲ್ಲಿ ಮುಟ್ಟಿದೆ? ಗುಡುಗಿಗೆ ತೆಗೆದದ್ದು."

ಗುಡುಗು ದೂರ ಹೋದ ಮೇಲೆ ಅತ್ತಿಗೆ ಎಲ್ಲವನ್ನೂ ಸಿಕ್ಕಿಸಿದರು. ಫ್ಯಾನು ತಿರುಗಿತು. ಅಂಗಡಿಯಲ್ಲಿ ದಿನ ತಪ್ಪದ್ದರಿಂದ ಅದುವರೆಗೆ ಬಿಸಿ, ತೇವವನ್ನೇ ನೋಡುತ್ತಿದ್ದ ನಸೀಬಾ ಈಗ ದಿನ ತೋರಿಸುವ ಗುಂಡಿ ಒತ್ತಿದಳು. ಪೆಟ್ಟಿಗೆ ಒಂಬತ್ತು ಎಂದಿತು.

"ಅಜ್ಜಿ, ಇಟ್ಟು ಎಷ್ಟು ದಿನ ಆಯ್ತು?"

ಅತ್ತಿಗೆಗೆ ಕ್ಯಾಲೆಂಡರ್ ಬೇಡ. ತುಳು ತಿಂಗಳು ಅವರ ಬಾಯಲ್ಲೇ ಇರುತ್ತದೆ. "ಬೇಶ ಒಂದಕ್ಕೆ ಇಟ್ಟದ್ದು. ಇವತ್ತು ಬೇಶ ಹತ್ತೊಂಬತ್ತು. ಹದಿನೆಂಟು ದಿನ ಕಳೆಯಿತು."

ಅಷ್ಟರಲ್ಲಿ ಒಳಗೆ ಗರ್ ಎಂದು ತಟ್ಟೆ ಮಗುಚತೊಡಗಿತು. ನಸೀಬಾ "ಯಾ ಅಲ್ಲಾ!" ಎಂದು ಚೀರಿ ತಟ್ಟೆಯ ಮೋಟಾರಿನ ವಯರನ್ನು ಕಿತ್ತೇ ಬಿಟ್ಟಳು.

ಆಮೇಲೆ ವಿಷಯ ಬಿಡಿಸಿ ಹೇಳಿದಳು. ಕರೆಂಟ್ ತಾನಾಗಿ ಹೋದರೆ ಬ್ಯಾಟರಿ ಇರುತ್ತದೆ. ಪ್ರೋಗ್ರಾಮಿಗೆ ಹೊರಡಲು ಪುರುಸೊತ್ತು ಸಿಗುತ್ತದೆ, ಡೊಂಬಯ್ಯ ದಿನ ಬರೆದಿಟ್ಟು ಗೇಟು ಹಾಕುತ್ತಾನೆ. ಆದರೆ ಬ್ಯಾಟರಿಯನ್ನೂ ಕಿತ್ತರೆ ಅದು ಹೊರಡುವುದಲ್ಲ, ನಿಂತಲ್ಲೇ ಇಲ್ಲವಾಗುವುದು. ಹೊರಡುವಾಗ ಮಾಡಬೇಕೆಂದು ಇಟ್ಟ ಕೆಲಸ ಆಗುವುದೇ ಇಲ್ಲ. ಪುನಃ ಸುರುವಾಗುವಾಗ ಹಿಂದೆ ಯಾವತ್ತೋ ಬರೆದ ಹಳೆಯ ದಿನವನ್ನೇ ಓದಿ, ಅದನ್ನೇ ನಿಜವೆಂದು ನಂಬುತ್ತದೆ. ಜನವರಿಯಲ್ಲಿ ನಮ್ಮಲ್ಲಿ ಗುಡುಗಿಲ್ಲ. ಏಪ್ರಿಲಿನಲ್ಲಿ ದಿನಾ ಸಂಜೆ ಗುಡುಗು.

ಅತ್ತಿಗೆ ಇದನ್ನೆಲ್ಲ ಕೇಳಿ ಹಾಗೆಯೇ ನೆಲಕ್ಕೆ ಕುಸಿದು ಕೂತರು. ವೀಳ್ಯ ಬಾಯಲ್ಲೇ ಉಳಿಯಿತು. "ಹಾಗಾದ್ರೆ ನನ್ನ ಕೈಯಾರೆ ನಾನೇ..." ಎಂದರು. ನನಗೂ ಕಣ್ಣು ತುಂಬಿತು.

ನಸೀಬಾ ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. "ಇಲ್ಲ ಅಜ್ಜಿ. ತಪ್ಪು ನನ್ನದು. ಎಲ್ಲರೂ ಹೇಳಿಯೇ ಹೋಗ್ತಾರೆ ಅಂತ ನಂಬಿದ್ದು ನಾನು. ನಮ್ಮ ಉಮ್ಮನೂ ಗುಡುಗಿದರೆ ಫ್ರಿಜ್ಜಿನ ಪ್ಲಗ್ ತೆಗೀತಾರೆ. ಅದನ್ನು ನೋಡಿಕೊಂಡೇ ಬೆಳೆದವಳು, ಇದು ತಲೆಗೆ ಹೋಗಲಿಲ್ಲ ನೋಡಿ. ನಾಳೆ ಗುಡುಗಿದ್ರೆ ನಾಳೆಯೂ ತೆಗೀರಿ. ನಾನು ಪೆಟ್ಟಿಗೆಯನ್ನು ಸರಿ ಮಾಡ್ತೇನೆ, ನಿಮ್ಮನ್ನಲ್ಲ."

ಅಲ್ಲೇ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸಕ್ಕೆ ಕೂತಳು. ಸುರುವಾಗುವಾಗ ಓದುವ ಕೆಲಸ ಹಾಗೆಯೇ ಇರಲಿ ಎಂದಳು. ಎದ್ದವನು ಹೇಗೂ ಗೇಟು ತೆಗೆಯಲೇಬೇಕಲ್ಲ. ಬರೆದಿಡುವ ಕೆಲಸವನ್ನು ಮಾತ್ರ ಹೊರಡುವ ಹೊತ್ತಿನಿಂದ ತೆಗೆದು, ಗಂಟೆ ಗಂಟೆಗೂ ಆಗುವ ಹಾಗೆ ಮಾಡಿದಳು. "ಅದೇ ಜಾಗದಲ್ಲಿ ಬರೆದೂ ಬರೆದೂ ಮೆಮೊರಿ ಸವೀತದೆ ಅಂತ ಲೋಭ ಮಾಡಿದ್ದೆ ಟೀಚರ್. ಬೇರೆ ಬೇರೆ ಜಾಗದಲ್ಲಿ ಬರೆದರೆ ಆಯ್ತು." ಎಲ್ಲ ಮುಗಿದ ಮೇಲೆ ನಿಜವಾದ ದಿನವನ್ನು ತುಂಬಿಸಿ, ಕಿತ್ತ ಮೋಟಾರಿನ ವಯರನ್ನು ಪುನಃ ಜೋಡಿಸಿ, ಅತ್ತಿಗೆಯ ಕೈಯಿಂದಲೇ ಪಿನ್ನು ಕೀಳಿಸಿದಳು, ಸ್ವಿಚ್ಚು ಇಳಿಸಿದಳು, ಹಾಕಿಸಿದಳು. ಹದಿನೆಂಟು. ಪುನಃ ಕೀಳಿಸಿದಳು. ಹದಿನೆಂಟು. ತಟ್ಟೆ ಅಲುಗಾಡಲಿಲ್ಲ.

ಆದರೆ ಅಷ್ಟರೊಳಗೆ ಮೊಟ್ಟೆಗಳಿಗೆ ಏನಾಗಿದೆಯೋ ಯಾರಿಗೆ ಗೊತ್ತು? ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ಗೊತ್ತಿಲ್ಲ ಟೀಚರ್," ಎಂದಳು. ಆ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳದೆ ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇಶ ಇಪ್ಪತ್ತೆರಡು. ಬೆಳಗಿನಿಂದ ಅತ್ತಿಗೆ ಪೆಟ್ಟಿಗೆಯ ಹತ್ತಿರದಿಂದ ಏಳಲಿಲ್ಲ, ಊಟಕ್ಕೂ ಬರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಮೋಡ ಕಟ್ಟಿ, ತಲೆಯ ಮೇಲೆಯೇ ಗುಡುಗಿತು. ಅತ್ತಿಗೆಯ ಕೈ ಪಿನ್ನಿನವರೆಗೆ ಹೋಗಿ ನಿಂತಿತು. ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ.

"ತೆಗೀರಿ ಅತ್ತಿಗೆ," ಎಂದೆ. "ತೆಗೀಬಹುದು ಅಂದಿದ್ದಾಳಲ್ಲ ಅವಳು."

"ಅವಳು ಅಂದದ್ದು ಹೌದು..."

"ಅವಳು ಸುಳ್ಳು ಹೇಳುವವಳಲ್ಲ. ನಾಲ್ಕನೇ ಕ್ಲಾಸಿನಿಂದ ನೋಡಿದ್ದೇನೆ. ತೆಗೀರಿ."

ಕಣ್ಣು ಮುಚ್ಚಿ ಪಿನ್ನು ಕಿತ್ತರು. ನಾನು ಸ್ವಿಚ್ಚು ಇಳಿಸಿದೆ. ಫ್ಯಾನು ನಿಂತಿತು. ದಿನವಿಡೀ ಕಿವಿಯಲ್ಲಿ ತುಂಬಿದ್ದ ಅದರ ಸದ್ದು ಹೋಗಿ ಚಾವಡಿಯೆಲ್ಲ ಮೌನವಾಯಿತು. ಆಗ ಕೇಳಿಸಿತು. ಪೆಟ್ಟಿಗೆಯೊಳಗಿಂದ, ಸೂಜಿಯಷ್ಟು ಸಣ್ಣ ದನಿ. ಚಿಂವ್.

ನಾವಿಬ್ಬರೂ ಪೆಟ್ಟಿಗೆಗೆ ಕಿವಿ ಹಚ್ಚಿದೆವು. ಪುನಃ ಚಿಂವ್. ಆಮೇಲೆ ಬೇರೆ ಮೂಲೆಯಿಂದ ಇನ್ನೊಂದು.

"ಪ್ರೇಮಾ, ಆ ಹುಡುಗಿಗೆ ಫೋನ್ ಮಾಡು," ಎಂದರು ಅತ್ತಿಗೆ.

"ಗುಡುಗ್ತಾ ಉಂಟಲ್ಲ ಅತ್ತಿಗೆ!" ಗುಡುಗುವಾಗ ಯಾರಾದರೂ ಫೋನ್ ಮುಟ್ಟಿದರೆ ಮನೆ ಹಾರಿಹೋಗುವ ಹಾಗೆ ಬೈಯುವವರು ಇವರೇ.

"ಮಾಡು ಅಂದೆ!"

ಮಾಡಿದೆ. ಅತ್ತಿಗೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಗೋಣಿ ಸರಿಸಿ, ಪೆಟ್ಟಿಗೆಯ ಗಾಳಿಕಿಂಡಿಗೆ ಹಿಡಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆ ಕಡೆ ನಸೀಬಾಳೂ ಅಳುತ್ತಿದ್ದಾಳೆಂದು ಉಸಿರಿನಲ್ಲೇ ಗೊತ್ತಾಯಿತು. ಕೊನೆಗೆ ಮೂಗು ಎಳೆದುಕೊಂಡು ಕೇಳಿದಳು:

"ಟೀಚರ್, ಪೆಟ್ಟಿಗೆ ಬಂದ್ ಉಂಟಲ್ಲ. ಈಗ ಕೂಗು ಅಂತ ಮರಿಗೆ ಒಳಗೆ ಹೇಳಿದ್ದು ಯಾರು?"

ಕೂತುಕೊ ಎಂಬ ಮಾತು ಬಾಯಿಯವರೆಗೆ ಬಂದಿತ್ತು.

"ಗೊತ್ತಿಲ್ಲ ಮಾರಾಯ್ತಿ," ಎಂದೆ. "ನೀನು ಬಾ, ನೋಡುವ."