ವಿಷಲ್ ಮರಿಯಯ್ಯ
ನಾಗಮಂಗಲದ ಕಬಡ್ಡಿ ಫೈನಲ್ಲಿನಲ್ಲಿ ನನ್ನ ಕಾಲು ಗೆರೆ ದಾಟಿರಲಿಲ್ಲ; ಆದರೂ ಔಟ್ ಕೊಟ್ಟ ಅಂಪೈರ್ ಮರಿಯಯ್ಯನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆತ ಒಂದು ಕಾಲಕ್ಕೆ ಕೆ.ಆರ್. ಪೇಟೆಯ ಹೆಸರಾಂತ ರೈಡರ್. ಮಂಡಿ ಸವೆದ ಮೇಲೆ ಕೊರಳಿಗೆ ವಿಷಲ್ ಕಟ್ಟಿಕೊಂಡು ತೀರ್ಪುಗಾರನಾದ. ಹಳೆಯ ಚಾಳಿ ಮಾತ್ರ ಹೋಗಿಲ್ಲ. ಹುಡುಗರು 'ಕಬಡ್ಡಿ ಕಬಡ್ಡಿ' ಎಂದು ಎದುರು ಅಂಕಣಕ್ಕೆ ನುಗ್ಗಿದರೆ ಈತನೂ ಗೆರೆಯಾಚೆ ಬಗ್ಗಿಕೊಂಡು ಅದನ್ನೇ ಗುನುಗುತ್ತ ಓಡುತ್ತಾನೆ. ಬಾಯಲ್ಲಿರುವ ವಿಷಲ್ ತಾನಾಗಿ ಕೂಗಿ ಆಟವೇ ನಿಂತುಹೋಗುತ್ತದೆ. "ಯಾಕಣ್ಣೋ ಊದ್ದೆ?" ಎಂದು ಕೇಳಿದರೆ "ಊದಿದ್ಮೇಲೆ ಮುಗೀತು, ಮತ್ತೆ ಆಡ್ರಲಾ" ಎನ್ನುತ್ತಾನೆ. ಮದುವೆ ಊಟದಲ್ಲಿ ಯಾರಾದರೂ ಪಂಕ್ತಿಗೆ ನುಗ್ಗಿದರೂ ಕೈಯೆತ್ತಿ ಔಟ್ ಕೊಡುತ್ತಾನೆ. ಇಂಥ ಗಂಡು ತೊಣ್ಣೂರಿನಲ್ಲಿ ಮಾತ್ರ ಮೆತ್ತಗಾಗುತ್ತಾನೆ. ಅಲ್ಲಿ ಹಸು ಸಾಕಿಕೊಂಡಿರುವ ಚಿಕ್ಕಸ್ವಾಮಿಯನ್ನು ಹರೆಯದಲ್ಲಿ ಒಂದು ಫೈನಲ್ಲಿನಲ್ಲಿ, ಮುಟ್ಟದೆಯೇ ಮುಟ್ಟಿದೆನೆಂದು ಆಣೆಯಿಟ್ಟು ಅಂಕಣದಿಂದ ಹೊರಗೆ ಕಳಿಸಿದ್ದ. ಮುಟ್ಟಿಲ್ಲವೆಂದ ಚಿಕ್ಕಸ್ವಾಮಿಯನ್ನೇ ಊರೆಲ್ಲ ಸುಳ್ಳುಗಾರ ಎಂದಿತು; ಅವನು ಮತ್ತೆ ಆಡಲಿಲ್ಲ. ಮರಿಯಯ್ಯ ಪ್ರತಿವರ್ಷವೂ ಅವನ ಕೊಟ್ಟಿಗೆ ಬಾಗಿಲಲ್ಲಿ ನಿಂತು "ನಾ ನಿನ್ನ ಮುಟ್ನೇ ಇಲ್ಲ ಕಣ್ಲಾ, ತಪ್ಪಾಯ್ತು" ಎನ್ನುತ್ತಾನೆ. ಚಿಕ್ಕಸ್ವಾಮಿ ಹಾಲು ಕರೆಯುತ್ತಲೇ, "ನಂಗೊತ್ತಿರೋದ್ನ ನಂಗೇ ಯಾಕ್ಲಾ ಯೋಳ್ತೀಯೆ? ಊರೋರ್ಗೆ ಯೋಳು, ಪಂದ್ಯದ ಮೈಕು ನಿನ್ ಕೈಲೇ ಐತಲ್ಲ" ಎನ್ನುತ್ತಾನೆ. ಮರಿಯಯ್ಯ ಪ್ರತಿ ಪಂದ್ಯದಲ್ಲೂ ಮೈಕು ಹಿಡಿಯುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ, ಚಿಕ್ಕಸ್ವಾಮಿಗೆ ಸಲ್ಲಬೇಕಾದ ಆ ಒಂದು ಮಾತನ್ನು ನುಂಗಿಕೊಂಡು ಮುಂದಿನ ತಂಡದ ಹೆಸರು ಕೂಗುತ್ತಾನೆ.